ಎರಡು ಹೊಸಮನೆಗಳ ನಡುವೆ ಒಂದು ಡಬ್ಬ

ನಮ್ಮ ಮನೆತನದ ಮೂರು ತಲೆಮಾರು ಒಂದು ಬಿಸ್ಕತ್ತಿನ ಡಬ್ಬದಲ್ಲಿ ಕೂತು ಶಿವಮೊಗ್ಗ-ಭದ್ರಾವತಿ ಬಸ್ಸಿನಲ್ಲಿ ಓಡಾಡುತ್ತಿದೆ. ನಾನಿರುವುದು ಶಿವಮೊಗ್ಗದ ಹೊಸಮನೆ, ಅಕ್ಕನದು ಭದ್ರಾವತಿಯ ಹೊಸಮನೆ. ಡಬ್ಬದ ತುಂಬ ಅಪ್ಪನ ಕಾಲದ ನೆಗೆಟಿವ್‌ಗಳು. 'ಗಂಡುಮಗ ನೀನು, ಇಟ್ಕೋ' ಎಂದು ಅವಳು ಕಳಿಸುತ್ತಾಳೆ. 'ಹಿರಿಯವಳು ನೀನು, ಏನಾದ್ರೂ ಮಾಡು' ಎಂದು ನಾನು ಸಾಗಹಾಕುತ್ತೇನೆ. ಹಕ್ಕು ಬಿಟ್ಟುಕೊಡಲು ಇಷ್ಟು ಪೈಪೋಟಿ ಬೇರೆ ಯಾವ ಪಿತ್ರಾರ್ಜಿತಕ್ಕೂ ಇರಲಿಕ್ಕಿಲ್ಲ.

'ಬಚ್ಚಲೊಲೆಗೆ ಹಾಕು ಮಾರಾಯ ಅತ್ಲಾಗೆ' ಎಂದಳು ಒಮ್ಮೆ. ಪ್ಲಾಸ್ಟಿಕ್ಕಿನ ಹೊಗೆ ಕೆಟ್ಟದ್ದು ಎಂದೆ. ಅಲ್ಲದೆ, ವಿಧಿಪೂರ್ವಕ ಒಮ್ಮೆ ದಹನವಾದ ಅಜ್ಜಿಯನ್ನು ಸ್ನಾನದ ನೀರು ಕಾಯಿಸಲು ಮತ್ತೊಮ್ಮೆ ಸುಡುವುದೇ? ಈರುಳ್ಳಿಯನ್ನೂ ಮುಟ್ಟದ ಆ ಅಜ್ಜಿ ಫಿಲ್ಮಿಗೆ ಅಂಟಿಕೊಂಡಿರುವುದು ದನದ ಮೂಳೆ, ಚರ್ಮಗಳಿಂದ ತೆಗೆಯುವ ಜೆಲಾಟಿನ್‌ನಲ್ಲಿ ಎಂಬುದನ್ನು ನಾನು ಯಾರಿಗೂ ಹೇಳಿಲ್ಲ.

ಗುಜರಿಯವನನ್ನು ಕರೆದೆ. ಒಂದು ಪಟ್ಟಿ ಎತ್ತಿ ಬಿಸಿಲಿಗೆ ಹಿಡಿದು ನೋಡಿ, 'ಇದು ಬೇಡ ಸಾರ್, ಎಕ್ಸ್‌ರೇ ಇದ್ರೆ ಕೊಡಿ' ಎಂದ. ಎಕ್ಸ್‌ರೇಯಲ್ಲಿ ಬೆಳ್ಳಿ ಇದೆ, ತೊಳೆದು ತೆಗೆಯುವವರಿದ್ದಾರೆ. ಅಪ್ಪನ ಮೊಣಕಾಲು ದುಡ್ಡಾಯಿತು, ಮುಖ ಉಳಿಯಿತು. ನಿಜಕ್ಕೂ ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಕಪ್ಪಗೆ ಕಾಣುವುದೆಲ್ಲ ಬೆಳ್ಳಿಯೇ. ಬಿಳಿ ಬಟ್ಟೆ ಅಲ್ಲಿ ಕಪ್ಪು. ಹಾಗಾಗಿ ಜೀವಮಾನದಲ್ಲಿ ಒಂದು ಬೆಳ್ಳಿ ಲೋಟ ಕೊಳ್ಳದ ಅಪ್ಪನ ಪಂಚೆಯಲ್ಲೇ ಬೆಳ್ಳಿ ಹೆಚ್ಚು. ಬಣ್ಣದ ರೀಲಿನದು ಬೇರೆ ಕಥೆ. ಅದನ್ನು ತೊಳೆಸುವಾಗಲೇ ಬೆಳ್ಳಿಯೆಲ್ಲ ದ್ರಾವಣಕ್ಕೆ ಇಳಿದು, ನಮಗೆ ಬಣ್ಣ ಮಾತ್ರ ಸಿಕ್ಕಿರುತ್ತದೆ. (ಗ್ರಹಣ ನೋಡಲು ನೆಗೆಟಿವ್ ಇರಲಿ ಎನ್ನುವವರಿದ್ದಾರೆ. ಬೇಡ. 1980ರ ಫೆಬ್ರುವರಿ 16ರಂದು ಅದರಲ್ಲೇ ನೋಡಿದೆವು, ನಿಜ. ಆದರೆ ಬೆಳಕು ಮಂಕಾದರೂ ಕಣ್ಣು ಸುಡುವ ಅವಗೆಂಪು ಕಿರಣ ತೂರಿ ಬರುತ್ತದೆ.)

ವಿಲೇವಾರಿಯ ದೊಡ್ಡ ಪಾಲನ್ನು ನಮ್ಮ ಮಳೆಗಾಲವೇ ಮಾಡಿ ಮುಗಿಸಿದೆ. ಜೆಲಾಟಿನ್ ಎಂದರೆ ಬೂಷ್ಟಿಗೆ ಹಬ್ಬದೂಟ. ತೀರ್ಥಹಳ್ಳಿ ಕಡೆಯ ಒಂದು ಉಪನಯನದಲ್ಲಿ ವಟುವನ್ನು ಬಿಟ್ಟು ಪುರೋಹಿತರನ್ನು ಪೂರ್ತಿ ತಿಂದುಹಾಕಿದೆ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ರೀಲು ಒಂದಷ್ಟು ಸುರುಳಿಗೊಂಡು ಹುಳಿ ವಾಸನೆ ಹೊಡೆಯುತ್ತಿದ್ದವು. ಅಸಿಟೇಟ್ ಹಾಳಾಗುವಾಗ ಬರುವ ವಾಸನೆ ಅದು. ಪಕ್ಕದ ರೀಲಿಗೂ ಹತ್ತುತ್ತದೆ. ಅವನ್ನು ಮೊದಲು ಬೇರೆ ಇಟ್ಟೆ.

ಉಳಿದವನ್ನು ಕಿಟಕಿಗೆ ಹಿಡಿದು ಆರಿಸಲು ಕೂತರೆ ಕೆಲಸ ಸಾಗುವುದೇ ಇಲ್ಲ. ನೆಗೆಟಿವ್‌ನಲ್ಲಿ ಅಜ್ಜಿಗೆ ಕಡುಕಪ್ಪು ಕೂದಲು. ಮದುಮಗಳಾಗಿ ಕೂತ ಅಕ್ಕನಿಗೆ, ಪಕ್ಕದ ಭಾವನಿಗೆ ಪೂರಾ ನರೆತ ತಲೆ. ಆ ಸ್ಟುಡಿಯೋದವರು ಅವತ್ತೇ ಇವತ್ತಿನದನ್ನು ತೆಗೆದುಕೊಟ್ಟಿದ್ದರು. ನಾವು ದುಡ್ಡು ಕೊಟ್ಟು ತಿರುವುಮುರುವು ಪ್ರಿಂಟು ಹಾಕಿಸಿಕೊಂಡೆವು.

ಕೊನೆಗೆ ಬೇಕಾದವನ್ನು ಬೆಳಗುವ ಬಿಳಿ ಪರದೆಯ ಮೇಲಿಟ್ಟು ಮೊಬೈಲಿನಲ್ಲಿ ಹಿಡಿದು, ಕಾಗದದ ಕವರಿಗೆ ಹಾಕಿ ಬೀರುವಿನಲ್ಲಿಟ್ಟೆ. ಅಟ್ಟ ಬೇಡ, ಸೆಕೆ. ಹೆಬ್ಬೆರಳು, ಬೆಳಕು ಬಿದ್ದ ರೀಲಿನ ತುದಿ, ಜೋಗದಲ್ಲಿ ತೆಗೆದ ಬರೀ ಮಂಜು, ಯಾರೆಂದು ಯಾರಿಗೂ ಗೊತ್ತಿಲ್ಲದ ನೆಂಟರು: ಇವನ್ನು ಮುಖ ಉಳಿಯದಂತೆ ಕತ್ತರಿಸಿ ಪಾಲಿಕೆ ಗಾಡಿಯ ಒಣ ಕಸಕ್ಕೆ ಕೊಟ್ಟೆ. ಕಪ್ಪು-ಬಿಳುಪಿನ ಚೂರುಗಳನ್ನು ಮಾತ್ರ ಮುಂದಿನ ಎಕ್ಸ್‌ರೇ ಕಂತೆಯ ಜೊತೆ ಸಾಗಿಸಲು ಎತ್ತಿಟ್ಟಿದ್ದೇನೆ.

ಖಾಲಿ ಡಬ್ಬದ ಫೋಟೋ ಅಕ್ಕನಿಗೆ ಕಳಿಸಿದೆ. ತಕ್ಷಣ ಫೋನು ಬಂತು. 'ಅಷ್ಟು ಚೆನ್ನಾಗಿ ಮಾಡ್ತೀಯ ಅಂತ ಗೊತ್ತಿದ್ರೆ ಮೊದ್ಲೇ ಕೊಡ್ತಿದ್ದೆ ಕಣೋ. ಭಾನುವಾರ ಬರ್ತೀನಿ. ನಮ್ಮತ್ತೆ ಮನೆ ಕಡೇದು ಎರಡು ಟ್ರಂಕು ಇದೆ.'