ಜಾಂಬೋಟಿ ದಾರಿಯ ಬಾಡಿಗೆ ಮನೆಗಳು

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನ ಮೂಲಕ ಗೋವೆಗೆ ಇಳಿಯುವ ರಸ್ತೆ ಮಳೆಗಾಲದಲ್ಲಿ ಕಣ್ಣಿಗೆ ಹಬ್ಬ. ಖಾನಾಪುರ ತಾಲ್ಲೂಕಿನ ಈ ಮಲೆನಾಡಿಗೆ ಈಗ ರೆಸಾರ್ಟು, ಹೋಂಸ್ಟೇಗಳು ಬಂದಿವೆ. ಶನಿವಾರ ಸಂಜೆಯಾದರೆ ಕಾರುಗಳ ಸಾಲು.

ಕೋಣೆ ಬಾಡಿಗೆ ಕೊಟ್ಟವರಿಗೆ ನಾಲ್ಕು ಕಾಸು; ಪಕ್ಕದ ಮನೆಯವರಿಗೆ ನಡುರಾತ್ರಿಯ ಹಾಡು, ಬೆಳಿಗ್ಗೆ ಗದ್ದೆಯ ಬದುವಿನಲ್ಲಿ ಬಾಟಲಿ ಚೂರು. ಇಬ್ಬರೂ ಒಂದೇ ಊರಿನವರು, ಸಂತೆಯಲ್ಲಿ ಮುಖ ನೋಡಲೇಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದೆಂಬ ನಿಯಮ 2000ದಿಂದಲೇ ಇದೆ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬೆಲ್, ಅಂದರೆ ಮೆಲ್ಲಗೆ ಆಡುವ ಮಾತಿನಷ್ಟು. ಅಳೆಯುವವರು ಯಾರು?

ಇನ್ನೂ ಒಳಗೆ, 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಧಾಮವಿದೆ. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಹೆಸರಿನ ಅಪರೂಪದ ಬಾವಲಿ ನೆಲೆಸಿದೆ. ಟಾರ್ಚು ಹಿಡಿದು ಜನ ನುಗ್ಗಿದರೆ ಬಾವಲಿಗಳು ನೆಲೆ ಬಿಟ್ಟು ಹೋಗಬಹುದು. ಆದ್ದರಿಂದ ನಿರ್ಬಂಧ ಬೇಕೇ ಬೇಕು. ಆದರೆ ಅದರ ಭಾರವೆಲ್ಲ ಬೀಳುವುದು ತಲೆಮಾರುಗಳಿಂದ ಕಾಡೊಳಗೇ ಇರುವವರ ಮೇಲೆ. ಹೊರಗೆ ಅತಿಥಿಯ ಕಾರು ಕೋಣೆಯ ಬಾಗಿಲಿಗೇ ಬರುತ್ತದೆ. ಒಳಗೆ ಅಮಗಾಂವದವರು ರಸ್ತೆ ಕೇಳಿದರೆ ಅರಣ್ಯ ಕಾಯ್ದೆ ಅಡ್ಡ ಬರುತ್ತದೆ. 2024ರ ಜುಲೈನಲ್ಲಿ ಆ ಊರಿನ ಅಸ್ವಸ್ಥ ಮಹಿಳೆಯೊಬ್ಬರನ್ನು ಜನ ಮಳೆಯಲ್ಲೇ ಹೆಗಲ ಮೇಲೆ ಹೊತ್ತು ಕಾಡು ದಾಟಿಸಿದರು.