ಪೆಲೆ ನಿಂತ ಊರಿನಲ್ಲಿ ಹದಿನಾಲ್ಕು ಜೊತೆ ಬೂಟು

ಬೆಂಗಳೂರಿನ ಹಲಸೂರಿನ ಬಳಿ ಗೌತಮಪುರ ಎಂಬ ಬಡಾವಣೆಯಿದೆ. ಕಿರಿದಾದ ಓಣಿಗಳು, ಒತ್ತೊತ್ತಾಗಿ ನಿಂತ ಮನೆಗಳು. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆಗೆ ಇನ್ನೊಬ್ಬರ ಪ್ರತಿಮೆಯೂ ಇದೆ. ಯಾರದು ಹೇಳಿ? ಬ್ರೆಜಿಲ್‌ನ ಪೆಲೆಯದು! ವಿಶ್ವಕಪ್ ಬಂತೆಂದರೆ ಇಲ್ಲಿ ಬ್ರೆಜಿಲ್ ಬಾವುಟಗಳು ಹಾರುತ್ತವೆ. ಅದಕ್ಕೇ ಜನ ಇದನ್ನು 'ಮಿನಿ ಬ್ರೆಜಿಲ್' ಎನ್ನುತ್ತಾರೆ.

ದಂಡು ಪ್ರದೇಶಕ್ಕೆ ಫುಟ್‌ಬಾಲ್ ತಂದವರು ಬ್ರಿಟಿಷ್ ಸೈನಿಕರು. ಅವರು ಹೋದರೂ ಆಟ ಉಳಿಯಿತು. 2023ರಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ಈ ಭಾಗದ ಹಳಬರಿಗೆ ಆದ ಖುಷಿ ಅಷ್ಟಿಷ್ಟಲ್ಲ.

ನಾನು ಆ ಕಡೆಗೆ ಹೋದದ್ದು ಪೆಲೆಯನ್ನು ನೋಡಲು ಮಾತ್ರವಲ್ಲ. ನಮ್ಮ ಅಪಾರ್ಟ್‌ಮೆಂಟಿನವರು ಕೊಟ್ಟಿದ್ದ 14 ಜೊತೆ ಬೂಟು, 6 ಚೆಂಡು, ಒಂದಷ್ಟು ಶಿನ್ ಗಾರ್ಡ್, ಒಂದು ಜೊತೆ ಗೋಲ್‌ಕೀಪರ್ ಕೈಗವಸು ಆಟೋದಲ್ಲಿದ್ದವು. ಹತ್ತಿರದ ಮೈದಾನವೊಂದರಲ್ಲಿ ಬೆಳಿಗ್ಗೆ 22 ಹುಡುಗಿಯರು ಅಭ್ಯಾಸ ಮಾಡುತ್ತಾರೆ. ಚಿಕ್ಕವಳಿಗೆ ಎಂಟು ವರ್ಷ, ದೊಡ್ಡವಳಿಗೆ ಹದಿನೈದು.

ಹೋದವಳೇ ನಾನು ಮಾಡಿದ ತಪ್ಪೇನು ಗೊತ್ತೇ? ಚೀಲ ಸುರಿದು "ತಗೊಳ್ಳಿ ಮಕ್ಕಳೇ" ಎಂದುಬಿಟ್ಟೆ. ಎರಡೇ ನಿಮಿಷ. ಉದ್ದ ಕೈಯವರಿಗೆ ಒಳ್ಳೆಯ ಬೂಟು ಸಿಕ್ಕಿತು. ಎಂಟು ವರ್ಷದವಳ ಕೈಯಲ್ಲಿ ಎರಡು ಬೂಟು, ಎರಡೂ ಎಡಗಾಲಿನವು! ನಲ್ಲಿ ನೀರು ಹಿಡಿದಿಟ್ಟು ತಡವಾಗಿ ಓಡಿ ಬಂದ ಒಬ್ಬಳು ಖಾಲಿ ಚೀಲ ನೋಡುತ್ತಾ ನಿಂತಳು.

ಕೋಚ್ ಅಕ್ಕ ಸೀಟಿ ಊದಿದರು. "ಎಲ್ಲವೂ ವಾಪಸ್ ಇಲ್ಲಿಗೆ ಬರಲಿ." ನನ್ನನ್ನು ಬೈಯಲಿಲ್ಲ. ಮೂರು ಗುಡ್ಡೆ ಮಾಡಿಸಿದರು.

ಮೊದಲನೆಯದು ತಂಡದ್ದು: ಚೆಂಡು ಮತ್ತು ಕೈಗವಸು. ಇವು ಯಾರ ಮನೆಗೂ ಹೋಗುವುದಿಲ್ಲ. ಚೆಂಡಿಗೂ ಅಳತೆಯಿದೆ. ಹನ್ನೆರಡು ದಾಟಿದವರಿಗೆ 5ನೇ ನಂಬರು, ಅದರ ತೂಕ 410ರಿಂದ 450 ಗ್ರಾಂ. ಚಿಕ್ಕವರಿಗೆ ಅದಕ್ಕಿಂತ ಹಗುರವಾದ 4. ನಾನು ತಂದ ಆರರಲ್ಲಿ 4ನೇ ನಂಬರಿನವು ಎರಡೇ. ಅವನ್ನು ಚಿಕ್ಕವರಿಗೆಂದೇ ಎತ್ತಿಟ್ಟರು.

ಎರಡನೆಯದು ಶಿನ್ ಗಾರ್ಡ್. ಇದಿಲ್ಲದೆ ಪಂದ್ಯ ಆಡಬಾರದು ಎಂಬುದು ನಿಯಮ. ಹಾಗಾಗಿ ಅವೂ ಟ್ರಂಕಿಗೆ. ಅಂಗಳಕ್ಕೆ ಇಳಿಯುವವರು ಕಟ್ಟಿಕೊಳ್ಳಬೇಕು, ಬಂದವರು ಬಿಚ್ಚಿ ಒರೆಸಿಡಬೇಕು.

ಮೂರನೆಯದೇ ಕಷ್ಟದ್ದು, ಬೂಟು. ಹಳೆಯ ಪೇಪರಿನ ಮೇಲೆ ಎಲ್ಲರೂ ಪಾದವಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದರು. ಹೊಂದಿದ್ದು ಒಂಬತ್ತೇ ಜೊತೆ! ಉಳಿದ ಐದು ತೀರಾ ದೊಡ್ಡವು. "ಬಟ್ಟೆ ತುರುಕಿ ಹಾಕ್ಕೊಳ್ತೀವಿ ಅಕ್ಕಾ" ಎಂದರು ಹುಡುಗಿಯರು. "ಕಾಲು ಉಳುಕಿದರೆ ಒಂದು ತಿಂಗಳು ಮನೆಯಲ್ಲೇ" ಎಂದರು ಕೋಚ್. ಆ ಐದನ್ನು ಪಕ್ಕದಲ್ಲಿ ಆಡುತ್ತಿದ್ದ ಹುಡುಗರಿಗೆ ಕೊಟ್ಟು, ಅವರಿಗೆ ಚಿಕ್ಕದಾಗಿದ್ದ ಮೂರು ಜೊತೆ ಪಡೆದರು. ಅವು ಸರಿಯಾದವು. ಒಟ್ಟು ಹನ್ನೆರಡಾಯಿತು.

ಆರು ಜನರ ಬಳಿ ಗಟ್ಟಿ ಬೂಟು ಮೊದಲೇ ಇದ್ದವು. ಅವರು ಪಕ್ಕಕ್ಕೆ ಸರಿದರು. ಉಳಿದವರು ಹದಿನಾರು. ಬರಿಗಾಲಿನವರು ಮೊದಲು, ಹರಿದ ಬೂಟಿನವರು ಆಮೇಲೆ.

3ನೇ ನಂಬರಿನ ಒಂದೇ ಜೊತೆಗೆ ಇಬ್ಬರು ಬಂದರು. ಒಬ್ಬಳು ಒಂದು ದಿನವೂ ತಪ್ಪಿಸದವಳು. ಅವಳ ಬೂಟಿನ ಅಟ್ಟೆ ಬಾಯಿ ಬಿಟ್ಟಿತ್ತು, ದಾರ ಕಟ್ಟಿದ್ದಳು. ಇನ್ನೊಬ್ಬಳು ಆ ನಲ್ಲಿ ನೀರಿನ ಹುಡುಗಿ. ವಾರಕ್ಕೆ ನಾಲ್ಕೇ ದಿನ ಬರುತ್ತಾಳೆ, ಬರಿಗಾಲಲ್ಲಿ ಆಡುತ್ತಾಳೆ.

"ನಾನು ಮಳೆಯಲ್ಲೂ ಬಂದಿದ್ದೀನಿ" ಎಂದಳು ಮೊದಲನೆಯವಳು. ಸುಳ್ಳಲ್ಲ. ಎರಡನೆಯವಳು ಏನೂ ಹೇಳಲಿಲ್ಲ. ಅವಳ ಪರವಾಗಿ ಗೋಲ್‌ಕೀಪರ್ ಹುಡುಗಿ ಕೇಳಿದಳು: "ಅವಳು ನೀರು ಹಿಡಿಯದಿದ್ದರೆ ಅವರ ಮನೆಯಲ್ಲಿ ಹಿಡಿಯೋರು ಯಾರು?"

ಕೊನೆಗೆ ಬೂಟು ಬರಿಗಾಲಿನವಳಿಗೇ ಹೋಯಿತು. ದಾರ ಕಟ್ಟಿದವಳ ಕಣ್ಣು ತುಂಬಿತು. ಯಾರೂ ಅವಳನ್ನು ಗೇಲಿ ಮಾಡಲಿಲ್ಲ. "ನಿನ್ನ ಅಕ್ಷರ ಚೆನ್ನಾಗಿದೆ, ಬರಿ" ಎಂದು ಕೋಚ್ ನೋಟ್‌ಬುಕ್ ಕೊಟ್ಟರು. ಯಾವ ಬೂಟು, ಯಾರಿಗೆ, ಯಾವ ತಾರೀಖು. ಪಾದ ಬೆಳೆದಾಗ ತೊಳೆದು, ನೆರಳಲ್ಲಿ ಒಣಗಿಸಿ ಹಿಂದಿರುಗಿಸಬೇಕು. ಲೈಬ್ರರಿ ಪುಸ್ತಕದ ಹಾಗೆ.

ಹೊರಡುವಾಗ ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: "ನಿಮಗೆ ಏನು ಬೇಕು?" ಅವಳು ಹಾಳೆ ಹರಿದು ಬರೆದು ಕೊಟ್ಟಳು. ನಾಲ್ಕು ಜೊತೆ ಬೂಟು, ನಾಲ್ಕು ನಂಬರು. ಓಣಿಯಲ್ಲಿ ಪೆಲೆಯ ಎದುರು ನಿಂತು ಓದಿದೆ. ತನ್ನ 3ನೇ ನಂಬರನ್ನು ಅವಳು ಕೊನೆಯಲ್ಲಿ ಬರೆದಿದ್ದಳು.