ಗುಣವಾದ ಮೇಲಿನ ಆಯಾಸ

ಇರುವಾಗ ಅರಿವಿಗೆ ಬಾರದೆ, ಕುಂದಿದಾಗ ಮಾತ್ರ ನೆನಪಾಗುವ ಸಂಪತ್ತುಗಳಲ್ಲಿ ಉಸಿರು ಮೊದಲನೆಯದು. ಆರೋಗ್ಯವಂತನಾದ ವಯಸ್ಕನು ಸುಮ್ಮನೆ ಕುಳಿತಿರುವಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ದಿನವೊಂದಕ್ಕೆ ಅದು 17 ಸಾವಿರಕ್ಕೂ ಮಿಗಿಲಾಗುತ್ತದೆ. ಇಷ್ಟು ಸಲ ನಡೆಯುವ ಈ ಕ್ರಿಯೆಯನ್ನು ಯಾರೂ ಎಣಿಸುವುದಿಲ್ಲ. ಎಣಿಸಬೇಕಾದ ಕಾಲ ಬಂದಾಗಲೇ ಅದರ ಬೆಲೆ ತಿಳಿಯುತ್ತದೆ.

ಅಂಥ ಕಾಲವು ನಾಡಿನ ಅಸಂಖ್ಯ ಮನೆಗಳಿಗೆ ಕೋವಿಡ್ ರೂಪದಲ್ಲಿ ಬಂದಿತು. 2020ರ ಮಾರ್ಚ್ ತಿಂಗಳಲ್ಲಿ ದೇಶದ ಮೊದಲ ಕೋವಿಡ್ ಮರಣವು ವರದಿಯಾದುದು ನಮ್ಮ ಕಲಬುರಗಿಯಿಂದ. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳ ಎರಡನೆಯ ಅಲೆಯಲ್ಲಿ ಆಮ್ಲಜನಕದ ಸಿಲಿಂಡರಿಗಾಗಿ ಜನರು ಪರಿತಪಿಸಿದುದನ್ನು ಮರೆಯುವಂತಿಲ್ಲ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಆ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಆ ದಿನಗಳಲ್ಲಿ ಪತ್ರಿಕೆಗಳು ನಿತ್ಯವೂ ಎರಡು ಲೆಕ್ಕಗಳನ್ನು ಕೊಡುತ್ತಿದ್ದವು: ಮೃತರಾದವರು ಇಷ್ಟು, ಗುಣಮುಖರಾದವರು ಇಷ್ಟು. ಗುಣಮುಖರ ಪಟ್ಟಿಯಲ್ಲಿ ಸೇರಿಯೂ ಪೂರ್ತಿ ಗುಣವಾಗದೆ ಉಳಿದವರು ಅನೇಕರಿದ್ದರು. ಅವರಲ್ಲಿ ನಾವೂ ಒಬ್ಬರು.

2021ರ ಮೇ ತಿಂಗಳಲ್ಲಿ, ನಮ್ಮ 62ನೆಯ ವಯಸ್ಸಿನಲ್ಲಿ, 11 ದಿನಗಳ ಕಾಲ ಆಮ್ಲಜನಕದ ಆಸರೆಯಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದೆವು. ಜ್ವರ ಇಳಿಯಿತು, ಪರೀಕ್ಷೆಯಲ್ಲಿ ವೈರಾಣು ಇಲ್ಲವೆಂದಾಯಿತು, ಮನೆಗೆ ಮರಳಿದೆವು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಗುರುಗಳು ನಮಗೆ ಮೊದಲು ಕಲಿಸಿದುದು ಉಸಿರಿನ ಹದವನ್ನು. ದೀರ್ಘವಾದ ಸಮಾಸವನ್ನು ನಡುವೆ ಕಡಿಯಬಾರದು, ಅರ್ಥ ಮುಗಿಯುವಲ್ಲಿ ಮಾತ್ರ ನಿಲ್ಲಬೇಕು ಎಂಬುದು ಅವರ ಕಟ್ಟಳೆಯಾಗಿತ್ತು. ನಾಲ್ಕು ದಶಕಗಳ ಕಾಲ ಹಾಗೆಯೇ ಓದಿ ಪಾಠ ಹೇಳಿದ ನಮಗೆ ಆ ವರ್ಷದ ಶ್ರಾವಣದಲ್ಲಿ ಒಂದೇ ಸಾಲನ್ನು ಮೂರು ಕಡೆ ಕಡಿದು ಓದಬೇಕಾಯಿತು. ಕೇಳುವವರು ಗೌರವದಿಂದ ಸುಮ್ಮನಿದ್ದರು. ನಮಗೆ ಮಾತ್ರ ನಮ್ಮ ಕಂಠವೇ ಪರರದಾದಂತೆ ಭಾಸವಾಯಿತು.

ಇದೇಕೆ ಹೀಗೆಂದು ಶ್ವಾಸಕೋಶದ ತಜ್ಞರನ್ನು ಕೇಳಿದೆವು. ಅವರು ಹೇಳಿದುದನ್ನು ಓದುಗ ಬಂಧುಗಳಿಗೂ ತಿಳಿಸುವುದು ಉಚಿತ. ನಮ್ಮ ಎರಡು ಶ್ವಾಸಕೋಶಗಳಲ್ಲಿ 30 ಕೋಟಿಗೂ ಹೆಚ್ಚು ಸೂಕ್ಷ್ಮವಾದ ವಾಯುಕೋಶಗಳಿವೆ. ಗಾಳಿಗೂ ರಕ್ತಕ್ಕೂ ನಡುವಿರುವ ಅವುಗಳ ಗೋಡೆಯು ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ತೆಳು. ಈ ತೆಳುತನದಿಂದಲೇ ಆಮ್ಲಜನಕವು ಸರಾಗವಾಗಿ ರಕ್ತವನ್ನು ಸೇರುತ್ತದೆ. ವೈರಾಣುವಿನ ದಾಳಿ ತೀವ್ರವಾದಾಗ ಈ ಗೋಡೆಗಳು ಉರಿಯೂತದಿಂದ ಊದಿಕೊಂಡು ವಾಯುಕೋಶಗಳಲ್ಲಿ ದ್ರವ ತುಂಬುತ್ತದೆ. ಅನಂತರ ದೇಹವು ಗಾಯವನ್ನು ಮುಚ್ಚಲು ನಾರಿನಂಥ ಕೊಲಾಜನ್ ಪದಾರ್ಥವನ್ನು ಹೆಣೆಯುತ್ತದೆ. ಮೊಣಕಾಲಿನ ಗಾಯ ಮಾಗಿದ ಮೇಲೆ ಬಿರುಸಾದ ಕಲೆ ಉಳಿಯುವಂತೆ ಶ್ವಾಸಕೋಶದಲ್ಲಿಯೂ ಕಲೆ ಉಳಿಯುತ್ತದೆ. ವೈದ್ಯರು ಇದನ್ನು ಫೈಬ್ರೋಸಿಸ್ ಎನ್ನುತ್ತಾರೆ. ಮೊಣಕಾಲಿನ ಕಲೆಯಿಂದ ನಡಿಗೆಗೆ ಅಡ್ಡಿಯಿಲ್ಲ. ಶ್ವಾಸಕೋಶದ ಕಲೆಯಾದರೋ ಹಿಗ್ಗದು, ಕುಗ್ಗದು, ಆಮ್ಲಜನಕವನ್ನೂ ಸುಲಭವಾಗಿ ಬಿಡದು.

ಈ ಹಾನಿಯನ್ನು ಅಳೆಯುವ ಮಾರ್ಗಗಳಿವೆ. ಸಿ.ಟಿ. ಸ್ಕ್ಯಾನಿನಲ್ಲಿ ಕಲೆಯ ನೆರಳು ಕಾಣುತ್ತದೆ. ಅತ್ಯಲ್ಪ ಪ್ರಮಾಣದ ಕಾರ್ಬನ್ ಮಾನಾಕ್ಸೈಡನ್ನು ಗಾಳಿಯಲ್ಲಿ ಬೆರೆಸಿ ಸೇದಿಸಿ, ಎಷ್ಟು ಅನಿಲವು ರಕ್ತಕ್ಕೆ ದಾಟಿತೆಂದು ನೋಡುವ ಪರೀಕ್ಷೆಯೊಂದಿದೆ. ಎಲ್ಲಕ್ಕಿಂತ ಸರಳವಾದುದು ಆರು ನಿಮಿಷಗಳ ನಡಿಗೆ. ಸಮತಟ್ಟಾದ ಓಣಿಯಲ್ಲಿ ಆರು ನಿಮಿಷಗಳಲ್ಲಿ ಎಷ್ಟು ದೂರ ನಡೆಯಬಲ್ಲರು, ನಡೆಯುವಾಗ ರಕ್ತದ ಆಮ್ಲಜನಕ ಎಷ್ಟು ಇಳಿಯಿತು ಎಂಬುದನ್ನು ಬರೆದುಕೊಳ್ಳುತ್ತಾರೆ. ಕುಳಿತಾಗ ನಮ್ಮ ಬೆರಳಿನ ಆಕ್ಸಿಮೀಟರ್ 96 ತೋರಿಸುತ್ತಿತ್ತು. 290 ಮೀಟರ್ ನಡೆಯುವಷ್ಟರಲ್ಲಿ ಅದು 88ಕ್ಕೆ ಇಳಿಯಿತು. ಕುಳಿತವರನ್ನು ನೋಡಿ ಚೆನ್ನಾಗಿದ್ದಾರೆಂದು ತಿಳಿಯುವುದು ಎಷ್ಟು ಅಪೂರ್ಣವೆಂಬುದು ಅಂದು ನಮಗೆ ಮನವರಿಕೆಯಾಯಿತು.

ಈ ಕಲೆಯು ಮಾಸುವುದೇ? ಇದಕ್ಕೆ ಉತ್ತರ ದೊರೆಯುವುದು ಕೋವಿಡ್‌ಗಿಂತ ಹಳೆಯದಾದ ಅದರ ದಾಯಾದಿ ರೋಗದಲ್ಲಿ. 2002ರ ಕೊನೆಯಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಹುಟ್ಟಿದ ಸಾರ್ಸ್ ರೋಗವು 2003ರಲ್ಲಿ 8 ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದು 774 ಜನರನ್ನು ಬಲಿ ತೆಗೆದುಕೊಂಡಿತು. ಆ ವರ್ಷ ಬೀಜಿಂಗಿನ ಆಸ್ಪತ್ರೆಯೊಂದರಲ್ಲಿ ಸೋಂಕು ತಗುಲಿಸಿಕೊಂಡ 71 ಮಂದಿ ಸಿಬ್ಬಂದಿಯನ್ನು ವೈದ್ಯರು 2018ರವರೆಗೆ, ಎಂದರೆ 15 ವರ್ಷಗಳ ಕಾಲ, ಗಮನಿಸಿದರು. ಶ್ವಾಸಕೋಶದ ನೆರಳುಗಳು ಮುಖ್ಯವಾಗಿ ಮೊದಲ ಒಂದು ವರ್ಷದಲ್ಲಿ ಕುಗ್ಗಿದವು; ಬಳಿಕ ಉಳಿದುದು ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಇದರಲ್ಲಿ ಭರವಸೆಯೂ ಇದೆ, ಎಚ್ಚರಿಕೆಯೂ ಇದೆ. ಮೊದಲ ತಿಂಗಳುಗಳಲ್ಲಿ ಕಾಣುವುದೆಲ್ಲ ಶಾಶ್ವತವಲ್ಲ. ಆದರೆ ಉಳಿದ ಕಲೆಯನ್ನು ಅಳಿಸುವ ಔಷಧವಿಲ್ಲ. ಪಿರ್ಫೆನಿಡೋನ್, ನಿಂಟೆಡಾನಿಬ್ ಎಂಬ ಔಷಧಗಳು ಬೆಳೆಯುತ್ತಲೇ ಹೋಗುವ ಕೆಲವು ಬಗೆಯ ಕಲೆಗಳ ವೇಗವನ್ನು ತಗ್ಗಿಸುತ್ತವೆಯೇ ಹೊರತು ಇದ್ದುದನ್ನು ತೆಗೆಯವು. ನಮ್ಮ ನಡಿಗೆಯೂ ವರ್ಷ ಕಳೆಯುವಷ್ಟರಲ್ಲಿ 410 ಮೀಟರಿಗೆ ಏರಿ ಅಲ್ಲಿಯೇ ನಿಂತಿದೆ.

ನಮ್ಮ ಪರಿಚಯದ ಮನೆಯೊಂದರ ಸೊಸೆಯೂ ಅದೇ ಅಲೆಯಲ್ಲಿ ಬದುಕಿ ಬಂದವಳು. ವಯಸ್ಸು ಮೂವತ್ತೆಂಟು. ಆರು ತಿಂಗಳಾದರೂ ಆಕೆ ಕೊಡ ಹೊತ್ತು ಮೆಟ್ಟಿಲೇರುವಾಗ ನಡುವೆ ಕುಳಿತುಬಿಡುತ್ತಿದ್ದಳು. ರೊಟ್ಟಿ ಬಡಿಯುವಾಗ ಕೈ ಸೋಲುತ್ತಿತ್ತು. ‘ರೋಗ ಹೋಗಿ ಎಷ್ಟು ದಿನವಾಯಿತು, ಇನ್ನೂ ಅದೇ ನೆವವೇ?’ ಎಂದು ಹಿರಿಯರು ಆಡಿದ ಮಾತು ನಮ್ಮ ಕಿವಿಗೂ ಬಿದ್ದಿತು. ಅವರು ಕಠಿಣ ಮನಸ್ಸಿನವರಲ್ಲ. ಕಣ್ಣಿಗೆ ಕಾಣದ ಗಾಯವನ್ನು ಅವರು ನಂಬಲಾರದೆ ಹೋದರು. ನಾವು ಆ ಯಜಮಾನರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಮೆಟ್ಟಿಲು ಹತ್ತಿ ಬರಲು ಹೇಳಿದೆವು. ಆಮೇಲೆ ಆಕೆಗೂ ಹಾಗೆಯೇ ಮಾಡಿಸಿದೆವು. ಯಜಮಾನರದು 97ರಲ್ಲಿಯೇ ನಿಂತಿತ್ತು. ಆಕೆಯದು 87 ತೋರಿಸಿತು. ಆ ಮನೆಯಲ್ಲಿ ಬಳಿಕ ಯಾರೂ ನೆವವೆನ್ನಲಿಲ್ಲ. ಮರುವಾರವೇ ಆಕೆಯನ್ನು ತಜ್ಞರಲ್ಲಿಗೆ ಕರೆದೊಯ್ದರು. ಕಟ್ಟಿಗೆಯ ಒಲೆ ಹೋಗಿ ಗ್ಯಾಸು ಬಂದಿತು. ನೀರನ್ನು ಮಗ ಹೊರತೊಡಗಿದನು. ಇಂದು ಆಕೆ ಎಷ್ಟೋ ಮೇಲು. ಆದರೂ ಹತ್ತನೆಯ ಮೆಟ್ಟಿಲಲ್ಲಿ ಒಂದು ಕ್ಷಣ ನಿಲ್ಲುತ್ತಾಳೆ, ಜೊತೆಯವರೂ ನಿಲ್ಲುತ್ತಾರೆ.

ಅನುಭವದಿಂದಲೂ ವೈದ್ಯರಿಂದಲೂ ಕಲಿತ ಕೆಲವು ಸಂಗತಿಗಳನ್ನು ಹೇಳುವೆವು. ತೀವ್ರವಾದ ನ್ಯುಮೋನಿಯದಿಂದ ಎದ್ದವರಿಗೆ ಮೂರು ತಿಂಗಳಾದರೂ ಏದುಸಿರು ಹೋಗದಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಏದುಸಿರಿಗೆ ರಕ್ತಹೀನತೆ, ಹೃದಯದ ದೌರ್ಬಲ್ಯ, ಸ್ನಾಯುಗಳ ಸೊರಗುವಿಕೆಗಳೂ ಕಾರಣವಾಗಬಲ್ಲವು, ಇವುಗಳಿಗೆ ಚಿಕಿತ್ಸೆಯುಂಟು. ಮೂಗಿನಿಂದ ಉಸಿರೆಳೆದು, ಬಿಸಿ ಹಾಲನ್ನು ಆರಿಸುವಂತೆ ತುಟಿಗಳನ್ನು ಕಿರಿದು ಮಾಡಿ ಎರಡು ಪಟ್ಟು ಕಾಲ ನಿಧಾನವಾಗಿ ಬಿಡುವುದರಿಂದ ಏದುಸಿರು ತಗ್ಗುತ್ತದೆ. ದಿನವೂ ಸ್ವಲ್ಪ ಸ್ವಲ್ಪವಾಗಿ ನಡಿಗೆಯನ್ನು ಹೆಚ್ಚಿಸಬೇಕು. ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಗಳ ವಿಚಾರವನ್ನು ವೈದ್ಯರಲ್ಲಿ ಕೇಳಬೇಕು. ಒಮ್ಮೆ ಗಾಯಗೊಂಡ ಶ್ವಾಸಕೋಶಕ್ಕೆ ಮತ್ತೊಂದು ಸೋಂಕು ಭಾರವಾಗುತ್ತದೆ.

ನಮ್ಮ ಮನೆಗಳಿಗೆ ವಿಶೇಷವಾಗಿ ಸಲ್ಲುವ ಎರಡು ಮಾತುಗಳುಂಟು. ಪ್ರಾಣಾಯಾಮವು ಒಳ್ಳೆಯದೆಂದು ಎಲ್ಲರಿಗೂ ಒಂದೇ ವಿಧಿಯನ್ನು ಹೇಳಲಾಗದು. ರಭಸದ ಕಪಾಲಭಾತಿಯನ್ನಾಗಲಿ, ಉಸಿರು ಬಿಗಿಹಿಡಿಯುವ ಕುಂಭಕವನ್ನಾಗಲಿ ಇಂಥವರು ವೈದ್ಯರ ಸಮ್ಮತಿಯಿಲ್ಲದೆ ಮಾಡಬಾರದು. ಎರಡನೆಯದಾಗಿ, ಮುಚ್ಚಿದ ಪೂಜಾಕೋಣೆಯ ಲೋಬಾನ, ಊದುಬತ್ತಿಗಳ ಹೊಗೆಯೂ ಹೊಗೆಯೇ. ನಾವು ನಮ್ಮ ಪೂಜೆಯಲ್ಲಿ ಧೂಪವನ್ನು ಬಿಟ್ಟು ಹೂವು, ಪತ್ರೆಗಳನ್ನು ಉಳಿಸಿಕೊಂಡಿದ್ದೇವೆ; ಭಕ್ತಿಗೆ ಇದರಿಂದ ಕುಂದಾಗಿಲ್ಲ.

ಇಂದು ನಾವು ಪಾಠಕ್ಕೆ ಮೊದಲು ಗ್ರಂಥದ ಸಾಲುಗಳ ಮೇಲೆ ಪೆನ್ಸಿಲಿನಿಂದ ಸಣ್ಣ ಗೆರೆಗಳನ್ನು ಎಳೆದುಕೊಳ್ಳುತ್ತೇವೆ. ಅವು ನಾವು ಉಸಿರು ತೆಗೆದುಕೊಳ್ಳುವ ತಾಣಗಳು. ವಿದ್ಯಾರ್ಥಿಗಳು ಆ ವಿರಾಮಗಳಲ್ಲಿ ಅರ್ಥವನ್ನು ಯೋಚಿಸುತ್ತಾರೆ, ಪಾಠ ನಡೆಯುತ್ತಿದೆ.

ತಮ್ಮ ಮನೆಯಲ್ಲಿಯೂ ಗುಣವಾದನೆಂದು ಎಲ್ಲರೂ ಮರೆತ, ಆದರೆ ಮೆಟ್ಟಿಲಲ್ಲಿ ನಿಲ್ಲುವ ಒಬ್ಬರಿರಬಹುದು. ಅವರಿಗೆ ಮದ್ದಿನಷ್ಟೇ ಅಗತ್ಯವಾದುದು ಅವರ ಆಯಾಸವನ್ನು ನಂಬುವ ಮನೆ. ಅವರು ನಿಂತಲ್ಲಿ ಬಂಧುಗಳು ತಾವೂ ಒಂದು ಕ್ಷಣ ನಿಲ್ಲಲಿ. ಅವರ ಕೈಯ ಭಾರವನ್ನು, ಕೇಳುವ ಮೊದಲೇ, ತಮ್ಮ ಕೈಗೆ ತೆಗೆದುಕೊಳ್ಳಲಿ.